ಸ್ಪಷ್ಟನೆ: ‘ಕೂ’ ಸರ್ಕಾರಿ ಆ್ಯಪ್ ಆಗಿರಲಿಲ್ಲ

‘ರೈತ ಹೋರಾಟದ ವೇಳೆ ಟ್ವಿಟರ್ ಜತೆ ಜಗಳವಾದಾಗ ಕೇಂದ್ರ ಸರ್ಕಾರವೇ ‘ಕೂ’ ಆ್ಯಪ್ ಮಾಡಿಸಿತು, ಹಿಂದಿಯವರಿಗಾಗಿ’ ಎಂಬ ಮಾತು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಸರಿಯಲ್ಲ.

ಟ್ವಿಟರ್‌ನಂತೆ ಕಿರು ಬರಹ ಹಾಕುವ ಜಾಲತಾಣವಾಗಿದ್ದ ಕೂ ಬೆಂಗಳೂರಿನ ಖಾಸಗಿ ಕಂಪನಿಯದಾಗಿತ್ತು. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಅದನ್ನು ಶುರು ಮಾಡಿದ್ದು 2020ರಲ್ಲಿ, ಅದೂ ಮೊದಲು ಕನ್ನಡದಲ್ಲಿ. ಹಿಂದಿ ಬಂದಿದ್ದು ಆಮೇಲೆ. ಗೊಂದಲಕ್ಕೆ ಕಾರಣವೂ ಇದೆ: ಅದೇ ವರ್ಷ ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. ಟ್ವಿಟರ್ ಜತೆಗಿನ ಜಗಳದ ಹೊತ್ತಿನಲ್ಲಿ, 2021ರ ಫೆಬ್ರವರಿಯಲ್ಲಿ ಸಚಿವರು, ಇಲಾಖೆಗಳು ಖಾತೆ ತೆರೆದು ‘ನೀವೂ ಬನ್ನಿ’ ಎಂದು ಕರೆದರು. ಬಹುಮಾನ ಕೊಟ್ಟವರು, ಖಾತೆ ತೆರೆದವರು ಮಾಲೀಕರಾಗುವುದಿಲ್ಲವಲ್ಲ!

ಹೊಸಬರನ್ನು ಒಳಗೆ ಕರೆದುಕೊಳ್ಳುವ ಬಗೆ ಮಾತ್ರ ಗಮನಿಸುವಂಥದ್ದು. ಮೊದಲು ಭಾಷೆ ಆರಿಸಿಕೊಳ್ಳಬೇಕಿತ್ತು. ಮೊಬೈಲ್ ನಂಬರಿಗೆ ಒಟಿಪಿ ಬರುತ್ತಿತ್ತು, ಇಮೇಲ್ ಇಲ್ಲದವರಿಗೂ ಅಡ್ಡಿಯಿರಲಿಲ್ಲ. ಕನ್ನಡ ಆರಿಸಿದವರಿಗೆ ಕನ್ನಡದಲ್ಲಿ ಬರೆಯುವವರೇ ಎದುರಾಗುತ್ತಿದ್ದರು. ಕೀಲಿಮಣೆಯ ತಕರಾರಿದ್ದರೆ ಬಾಯಲ್ಲಿ ಹೇಳಿದರೂ ಅಕ್ಷರವಾಗುತ್ತಿತ್ತು. ನನ್ನ ಮಟ್ಟಿಗೆ ಸಚಿವರ ಕರೆಗಿಂತ ಇದೇ ದೊಡ್ಡ ಸಂಗತಿ.

‘ಸರ್ಕಾರ ಕೈಬಿಟ್ಟಿದ್ದರಿಂದ ಮುಚ್ಚಿತು’ ಎನ್ನುವುದೂ ಅದೇ ಸಂದೇಶದ ಬಾಲ. 2024ರ ಜುಲೈನಲ್ಲಿ ಸ್ಥಾಪಕರು ಕೊಟ್ಟ ಕಾರಣ ಬೇರೆ: ಹಲವು ಕಂಪನಿಗಳ ಜತೆ ನಡೆದ ಪಾಲುದಾರಿಕೆಯ ಮಾತುಕತೆ ಕೈಗೂಡಲಿಲ್ಲ, ಹೂಡಿಕೆ ಬತ್ತಿದ ಹೊತ್ತಿನಲ್ಲಿ ತಂತ್ರಜ್ಞಾನದ ಖರ್ಚು ತೂಗಿಸಲಾಗಲಿಲ್ಲ.