ಮಿತಿ ತಂದದ್ದು ಕೋಬ್ರಾ ಅಲ್ಲ, ಮಂಜು

‘ಎಸಿ ಕೋಬ್ರಾ ಎಂಬ ಸ್ಪೋರ್ಟ್ಸ್ ಕಾರು ಇಂಗ್ಲೆಂಡಿನ ಎಂ1 ಹೆದ್ದಾರಿಯಲ್ಲಿ ಗಂಟೆಗೆ 185 ಮೈಲಿ ಓಡಿತು, ಅದಕ್ಕೇ ಬ್ರಿಟನ್ ಸರ್ಕಾರ 70 ಮೈಲಿಯ ಮಿತಿ ಹೇರಿತು’ ಎಂಬ ಮಾತು ಹಳೆಯ ಕಾರುಗಳ ಅಭಿಮಾನಿಗಳ ನಡುವೆ ಸುತ್ತುತ್ತಲೇ ಇದೆ. ಕೇಳಲು ಸೊಗಸು, ಆದರೆ ಅರ್ಧ ಮಾತ್ರ ನಿಜ.

ಓಟ ನಡೆದದ್ದು ಹೌದು. 1964ರ ಜೂನ್‌ನ ಒಂದು ಬೆಳಗಿನ ಜಾವ, ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಕಾರು ಪಂದ್ಯದ ತಯಾರಿಗೆಂದು ಬ್ರಿಟಿಷ್ ರೇಸ್ ಚಾಲಕ ಜ್ಯಾಕ್ ಸಿಯರ್ಸ್ ಕೋಬ್ರಾದ ಕೂಪೆ (ಮುಚ್ಚಿದ ಮೇಲ್ಛಾವಣಿಯ) ಮಾದರಿಯನ್ನು ಅಲ್ಲಿ ಓಡಿಸಿದರು. 185 ಮೈಲಿ ಅಂದರೆ ಗಂಟೆಗೆ ಹೆಚ್ಚುಕಡಿಮೆ 298 ಕಿಲೊಮೀಟರ್ ವೇಗ! ಅದು ಕಾನೂನುಬಾಹಿರವೂ ಆಗಿರಲಿಲ್ಲ. ಆಗ ಅಲ್ಲಿ ವೇಗಮಿತಿಯೇ ಇರಲಿಲ್ಲ. ಪತ್ರಿಕೆಗಳು ಗದ್ದಲ ಎಬ್ಬಿಸಿದವು, ನಿಜ.

ಆದರೆ ತಾತ್ಕಾಲಿಕ ಮಿತಿ ಬಂದದ್ದು 1965ರ ಡಿಸೆಂಬರ್ 22ರಂದು, ಒಂದೂವರೆ ವರ್ಷದ ಬಳಿಕ. ಮುಖ್ಯ ಕಾರಣ, ಆ ಚಳಿಗಾಲದ ಆರಂಭದಲ್ಲಿ ಮಂಜು ಮುಸುಕಿದ ಹೆದ್ದಾರಿಗಳಲ್ಲಿ ನಡೆದ ಸರಣಿ ಅಪಘಾತಗಳು. 1967ರಲ್ಲಿ ಅದು ಕಾಯಂ ಆಯಿತು.

‘ಮಿತಿಯಿಂದ ಮಜಾ ಸತ್ತಿತು’ ಎಂಬ ಗೊಣಗಾಟವನ್ನೂ ನಾನು ಒಪ್ಪುವುದಿಲ್ಲ. ಹಳೆಯ ಕಾರಿನಲ್ಲಿ 70 ಮೈಲಿಯೇ ಸಾಕಷ್ಟು ರೋಮಾಂಚಕ: ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲದ, ದುರಸ್ತಿಯಾದ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ ಆ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 4,000 ಸುತ್ತು ತಿರುಗುತ್ತದೆ. ಮೇಲ್ಹೊದಿಕೆ ಮಡಚಿದ್ದರೆ ಪಕ್ಕದಲ್ಲಿ ಕುಳಿತವರ ಮಾತೂ ಕೇಳಿಸುವುದಿಲ್ಲ.