ಡಾಲ್ಬಿ ಗುಂಡಿ ಒತ್ತದೆ ಕೊಟ್ಟ ತೀರ್ಪು

ನಿನ್ನೆ ಭಾನುವಾರ, ದುರಸ್ತಿಗೆಂದು ಲೋಕಲ್ ರೈಲು ತಡೆಯುವ ಮೆಗಾಬ್ಲಾಕ್ ಇದ್ದರೂ ಲೆಕ್ಕಿಸದೆ, ಮಾಟುಂಗದಿಂದ ಡೊಂಬಿವಲಿಯವರೆಗೆ ನಿಂತುಕೊಂಡೇ ಹೋದೆ. ನನ್ನ ಕ್ಯಾಸೆಟ್ ಹುಚ್ಚು ನಿಮಗೆಲ್ಲ ಗೊತ್ತು. ಗೊತ್ತಿಲ್ಲದವರು ನನ್ನ ಹೆಂಡತಿಯನ್ನು ಕೇಳಿ, ಸವಿಸ್ತಾರವಾಗಿ ಹೇಳುತ್ತಾಳೆ. ಮಿತ್ರರೊಬ್ಬರ ಮನೆಯಲ್ಲಿ ಎರಡು ಹಳೆಯ ಕ್ಯಾಸೆಟ್ ಡೆಕ್‌ಗಳ ಹೋಲಿಕೆ ಇತ್ತು. ಒಂದು ನಕಮಿಚಿ ಡ್ರ್ಯಾಗನ್, ಇನ್ನೊಂದು ರಿವಾಕ್ಸ್ ಬಿ 215. ಎರಡನ್ನೂ ಒಂದೇ ಮೇಜಿನ ಮೇಲೆ ನೋಡುವ ಭಾಗ್ಯ ಎಷ್ಟು ಜನರಿಗಿದೆ? ಅದಕ್ಕೇ ಹೋದದ್ದು. ಬರುವಾಗ ಮಾತ್ರ ತಲೆ ಕೆಟ್ಟಿತ್ತು.

ಹಾಕಿದ ಕ್ಯಾಸೆಟ್ ತಾಳಮದ್ದಲೆಯದು. 1988ರಲ್ಲಿ ಇಲ್ಲೇ ಮುಂಬಯಿಯ ಸಭಾಂಗಣವೊಂದರಲ್ಲಿ ಧ್ವನಿಮುದ್ರಿಸಿದ್ದು. ಡಬ್ಬಿಯ ಒಳಗಿನ ಕಾಗದದಲ್ಲಿ ನೀಲಿ ಶಾಯಿಯಲ್ಲಿ ‘ಡಾಲ್ಬಿ ಬಿ’ ಎಂದು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಡಾಲ್ಬಿ ಎಂದರೆ ಟೇಪಿನ ಗದ್ದಲ ತಗ್ಗಿಸುವ ವ್ಯವಸ್ಥೆ. ರಿವಾಕ್ಸ್‌ನಲ್ಲಿ ಅದು ಚಾಲೂ ಇತ್ತು. ಡ್ರ್ಯಾಗನ್‌ನಲ್ಲಿ ಇರಲಿಲ್ಲ. ನನ್ನನ್ನು ಬಿಟ್ಟು ಕೋಣೆಯಲ್ಲಿದ್ದ ಏಳು ಜನರಲ್ಲಿ ಒಬ್ಬರೂ ಅದನ್ನು ನೋಡಲಿಲ್ಲ.

ಡ್ರ್ಯಾಗನ್‌ನಲ್ಲಿ ಚಕ್ರತಾಳ ಝಲ್ಲೆಂದಿತು. ಏಳೂ ತಲೆಗಳು ಆಡಿದವು. ‘ಡ್ರ್ಯಾಗನ್ ಎಂದರೆ ಡ್ರ್ಯಾಗನ್!’ ಮುಂದೆ ರಿವಾಕ್ಸ್‌ಗೆ ಹಾಕಿದರು. ‘ಭಾಗವತರು ಕಂಬಳಿ ಹೊದ್ದು ಹಾಡಿದ ಹಾಗಿದೆಯಲ್ಲ ಮಾರಾಯರೇ’ ಎಂದರು ಒಬ್ಬರು. ಎಲ್ಲರೂ ನಕ್ಕರು. ತೀರ್ಪು ಮುಗಿಯಿತು.

ಡಾಲ್ಬಿ ಬಿ ಮನೆಬಳಕೆಗೆ ಬಂದದ್ದು 1968ರಲ್ಲಿ. ಧ್ವನಿಮುದ್ರಿಸುವಾಗ ಸಣ್ಣಗಿರುವ ತಾರಕ ಸದ್ದನ್ನು ಎತ್ತಿ ಬರೆಯುತ್ತದೆ, ನುಡಿಸುವಾಗ ಅಷ್ಟನ್ನೇ ಇಳಿಸುತ್ತದೆ. ಇಳಿಸುವಾಗ ಟೇಪಿನ ‘ಸ್ಸ್’ ಎನ್ನುವ ಸದ್ದು ಸುಮಾರು 10 ಡೆಸಿಬಲ್ ಕೆಳಗೆ ಹೋಗುತ್ತದೆ. ಇಳಿಸುವ ಗುಂಡಿಯನ್ನೇ ಒತ್ತದಿದ್ದರೆ ಎತ್ತಿದ್ದು ಎತ್ತಿದ ಹಾಗೇ ಕೇಳಿಸುತ್ತದೆ. ಅದನ್ನು ನಮ್ಮವರು ‘ಕ್ಲಿಯರ್’ ಎಂದು ಕರೆದರು. ಸಾರಿಗೆ ಉಪ್ಪು ಎರಡು ಸಲ ಬಿದ್ದರೆ ಅದಕ್ಕೂ ಹೀಗೇ ಹೆಸರಿಡುತ್ತಾರೋ ಏನೋ. ಸಾಲದ್ದಕ್ಕೆ ಡ್ರ್ಯಾಗನ್‌ನ ಸದ್ದು ರಿವಾಕ್ಸ್‌ಗಿಂತ ಒಂದಿಷ್ಟು ಜೋರಾಗಿಯೂ ಇತ್ತು. ಜೋರಾದದ್ದೇ ಚೆನ್ನಾಗಿದೆ ಎನ್ನುವ ಚಟ ಕಿವಿಗೆ ಹುಟ್ಟಿನಿಂದ ಬಂದದ್ದು.

ಇದನ್ನೇ ಹೇಳಲು ಬಾಯಿ ಬಿಟ್ಟೆ. ತಕ್ಷಣ ಉತ್ತರ ಬಂತು: ‘ಶೆಟ್ಟರೇ, ನಿಮಗೆ ಎಲ್ಲದರಲ್ಲೂ ಹುಳುಕೇ ಕಾಣುವುದು. ಕಾಫಿ ತಣ್ಣಗಾಗುತ್ತಿದೆ, ಕುಡಿಯಿರಿ.’

ಕುಡಿದೆ. ಕುಡಿದು, ಹತ್ತಿ ಮತ್ತು ಸ್ಪಿರಿಟ್ ಕೇಳಿ ತೆಗೆದುಕೊಂಡು ಡ್ರ್ಯಾಗನ್‌ನ ಹೆಡ್ (ಟೇಪನ್ನು ಓದುವ ಭಾಗ) ಒರೆಸಿದೆ. ಹತ್ತಿ ನಶ್ಯ ಹಾಕುವವರ ಕರವಸ್ತ್ರದಂತಾಯಿತು. ಲಕ್ಷದ ಮಾತಾಡುವ ಯಂತ್ರಕ್ಕೆ ಹತ್ತು ರೂಪಾಯಿಯ ಹತ್ತಿ ಸಿಕ್ಕಿ ಎಷ್ಟು ವರ್ಷವಾಗಿತ್ತೋ!

ನನ್ನ ತಕರಾರು ಇಷ್ಟೇ. ಇವರು ಕೇಳುವುದು ಹೆಸರನ್ನು. ಕ್ಯಾಸೆಟ್‌ನ ಟೇಪ್ 4 ಮಿಲಿಮೀಟರ್ ಅಗಲವೂ ಇಲ್ಲ. ಅದರಲ್ಲಿ ನಾಲ್ಕು ಟ್ರ್ಯಾಕ್, ಒಂದೊಂದು ಸುಮಾರು 0.6 ಮಿಲಿಮೀಟರ್. ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ತೆವಳುತ್ತದೆ. ಇಷ್ಟು ಸಣ್ಣ ಲೋಕದಲ್ಲಿ ಹೆಡ್ ಕೂದಲೆಳೆಯಷ್ಟು ವಾರೆಯಾದರೂ ಮೊದಲು ಸಾಯುವುದು ಚಕ್ರತಾಳದಂಥ ತಾರಕ ಸದ್ದು. ಮೇಲಿನ ಫಲಕದಲ್ಲಿ ಯಾರ ಹೆಸರಿದೆ ಎಂದು ಟೇಪ್ ಓದುವುದಿಲ್ಲ.

ಇದು ನನಗೆ ಗೊತ್ತಾದದ್ದು ಓದಿ ಅಲ್ಲ. ಅಪ್ಪ ಮನೆಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ತಾಳಮದ್ದಲೆಯ ಅರ್ಥ ಹೇಳಿದ್ದನ್ನು ನಮ್ಮ ಹಳೆಯ ಟು-ಇನ್-ವನ್‌ನಲ್ಲಿ ನಾನೇ ಧ್ವನಿಮುದ್ರಿಸಿದ್ದೆ. ಮುಂದೆ ಚೋರ್ ಬಜಾರಿನಲ್ಲಿ ಒಳ್ಳೆಯ ಜಪಾನಿ ಡೆಕ್ ಸಿಕ್ಕಿತು. ಮಗಳ ಶಾಲೆಯ ಶುಲ್ಕಕ್ಕೆಂದು ಎತ್ತಿಟ್ಟ ಹಣದಲ್ಲೇ ಕೊಂಡೆ (ಇದು ಮನೆಯಲ್ಲಿ ಇಂದಿಗೂ ಗೊತ್ತಿಲ್ಲ, ಈಗ ಗೊತ್ತಾಗುತ್ತದೆ). ಹಾಕಿ ಕೇಳಿದರೆ ಅಪ್ಪನ ಧ್ವನಿ ಬಾಗಿಲಾಚೆಯಿಂದ ಬಂದ ಹಾಗಿತ್ತು. ಡೆಕ್ಕನ್ನು ಬೈದು ಅರ್ಧ ಬೆಲೆಗೆ ಮಾರಿದೆ. ಹೆಡ್ ವಾರೆಯಾಗಿದ್ದದ್ದು ಆ ಟು-ಇನ್-ವನ್‌ನಲ್ಲಿ. ಅದೇ ವಾರೆಯಲ್ಲಿ ಬರೆದ ಟೇಪನ್ನು ನೆಟ್ಟಗಿರುವ ಹೆಡ್ ಓದುವುದು ಹೇಗೆ? ಹೆಡ್ ಪಕ್ಕದ ಸ್ಕ್ರೂವನ್ನು ಒಂದು ಕಾಲು ಸುತ್ತು ತಿರುಗಿಸಿದ್ದರೆ ಅಪ್ಪ ಒಳಗೆ ಬರುತ್ತಿದ್ದರು. ಅದು ತಿಳಿಯುವ ಹೊತ್ತಿಗೆ ಡೆಕ್ ಯಾರ ಮನೆಯಲ್ಲಿತ್ತೋ.

‘ಅದಕ್ಕೇ ಅಲ್ಲವೇ ಡ್ರ್ಯಾಗನ್ ಬೇಕಾದದ್ದು?’ ಎನ್ನುತ್ತೀರಿ. ಒಪ್ಪಿದೆ. 1982ರಲ್ಲಿ ಬಂದ ಆ ಯಂತ್ರ ಒಂದೇ ಟ್ರ್ಯಾಕನ್ನು ಎರಡು ಪಾಲು ಮಾಡಿ ಓದುತ್ತದೆ, ಎರಡರ ನಡುವೆ ಹಿಂದುಮುಂದು ಕಂಡರೆ ಪುಟ್ಟ ಮೋಟಾರಿನಿಂದ ಹೆಡ್ಡನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಯಾರ್ಯಾರದೋ ವಾರೆ ಟೇಪುಗಳನ್ನು ಕೇಳಬೇಕಾದ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದರ ಮಟ್ಟಿಗೆ ನನಗೆ ಶುದ್ಧ ಹೊಟ್ಟೆಕಿಚ್ಚು. ರಿವಾಕ್ಸ್‌ನ ಜಾಣತನ ಬೇರೆ: ಹಾಕಿದ ಟೇಪಿಗೆ ತಕ್ಕ ಹಾಗೆ ಬಯಾಸ್ ಎನ್ನುವ ಧ್ವನಿಮುದ್ರಣದ ವಿದ್ಯುತ್ ಹದವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆದರೆ ಅದು ಹೊಸದಾಗಿ ಧ್ವನಿಮುದ್ರಿಸುವಾಗ ಮಾತ್ರ. ನಿನ್ನೆ ಯಾರೂ ಏನನ್ನೂ ಧ್ವನಿಮುದ್ರಿಸಲಿಲ್ಲ. ಅಂದರೆ ರಿವಾಕ್ಸ್‌ನ ಕೈ ಕಟ್ಟಿ ಕುಸ್ತಿಗೆ ಇಳಿಸಿದ ಹಾಗಾಯಿತು. ಇನ್ನು ಆ ಪುಟ್ಟ ಮೋಟಾರು ಹೆಡ್ ತಿರುಗಿಸೀತು, ಹೆಡ್ ಮೇಲಿನ ಕೊಳೆ ಒರೆಸೀತೇ? ನಲವತ್ತು ವರ್ಷದ ರಬ್ಬರ್ ರೋಲರನ್ನು ಮೆತ್ತಗೆ ಮಾಡೀತೇ?

‘ಕಿವಿಗೆ ಹಿತವಾದರೆ ಸಾಲದೇ’ ಎಂದು ಆತಿಥೇಯರು ಕೇಳಿದರು. ಸಾಕು, ಧಾರಾಳವಾಗಿ ಸಾಕು. ಹಾಗಿದ್ದರೆ ಹೋಲಿಕೆ ಎಂದು ಕರೆಯಬೇಡಿ, ಗೋಳಿಬಜೆ ತಿನ್ನಲು ಬನ್ನಿ ಎನ್ನಿ. ಅದಕ್ಕೂ ಬರುತ್ತಿದ್ದೆ. ಗೋಳಿಬಜೆಯಲ್ಲಿ ಯಾವ ದೋಷವೂ ಇರಲಿಲ್ಲ.

ಹೊರಡುವ ಮುನ್ನ ಚಪ್ಪಲಿ ಹಾಕಿಕೊಳ್ಳುತ್ತಾ ಕೊನೆಯ ಸಲ ಬೇಡಿಕೊಂಡೆ: ಡ್ರ್ಯಾಗನ್‌ನಲ್ಲೂ ಡಾಲ್ಬಿ ಒತ್ತಿ, ಎರಡೂ ಸದ್ದನ್ನು ಸಮ ಮಾಡಿ, ಒಂದೇ ಒಂದು ಪದ್ಯ ಕೇಳೋಣ. ನನ್ನ ಕಾಟ ತಾಳಲಾರದೆ ಒತ್ತಿದರು. ಟೇಪಿನ ‘ಸ್ಸ್’ ತಗ್ಗಿ, ಮದ್ದಲೆಯ ಹಿಂದೆ ಸಭೆಯಲ್ಲಿ ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಎರಡು ಯಂತ್ರಗಳೂ ಸಮಸಮವಾಗಿ ನಿಂತದ್ದು ಆ ಒಂದು ನಿಮಿಷ.

‘ಛೆ, ಸದ್ದೇ ಸತ್ತು ಹೋಯಿತಲ್ಲ’ ಎಂದು ಅವರು ಗುಂಡಿಯನ್ನು ಮತ್ತೆ ಆರಿಸಿದರು.