ಸ್ಪಷ್ಟನೆ: ಇ-ಸ್ಪೋರ್ಟ್ಸ್ ಪಂದ್ಯಾಟಕ್ಕೆ ನಿಷೇಧವಿಲ್ಲ

“ವಿಡಿಯೋ ಗೇಮ್ ಟೂರ್ನಿ ನಡೆಸುವ ಕಂಪನಿಗಳೆಲ್ಲ ಬೆಳೆದದ್ದು ಜೂಜಿನ ಹಣದಲ್ಲಿ, ಹೊಸ ಕಾಯ್ದೆಯಲ್ಲಿ ಎಲ್ಲವೂ ಬಂದ್, ಮಕ್ಕಳು ಆಡಿದರೆ ಕೇಸು” ಎಂಬ ಸಂದೇಶ ಮಂಗಳೂರು, ಉಡುಪಿಯ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿರುವುದು ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು. ಇ-ಸ್ಪೋರ್ಟ್ಸ್‌ಗೆ (ಅಂದರೆ ವಿಡಿಯೋ ಗೇಮ್ ಪಂದ್ಯಾಟಗಳಿಗೆ) ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಆಟ ನೋಂದಣಿಯಾಗಿರಬೇಕು, ಪಂದ್ಯದ ಮೇಲೆ ಬಾಜಿ ಕೂಡದು; ಪ್ರವೇಶ ಶುಲ್ಕಕ್ಕೂ ಗೆದ್ದವರ ಬಹುಮಾನಕ್ಕೂ ಅಡ್ಡಿಯಿಲ್ಲ. ನಮ್ಮೂರ ವಾಲಿಬಾಲ್ ಪಂದ್ಯಾಟಕ್ಕೂ ಪ್ರವೇಶ ಶುಲ್ಕವಿದೆ, ನಗದು ಬಹುಮಾನವಿದೆ, ಅದನ್ನು ಯಾರೂ ಜೂಜು ಎನ್ನುವುದಿಲ್ಲವಲ್ಲ! ಶಿಕ್ಷೆ ಇರುವುದು ಹಣದಾಟ ನಡೆಸುವವರಿಗೆ, ಅದರ ಜಾಹೀರಾತು ಮಾಡುವವರಿಗೆ, ಆಡಿದವರಿಗಲ್ಲ.

ಕಂಪನಿಗಳ ಮಾತಿಗೆ ಬಂದರೆ, ಇಂಥ ಟೂರ್ನಿ ನಡೆಸುವ ನಾಡ್ವಿನ್ ಗೇಮಿಂಗ್‌ ಅನ್ನೇ ನೋಡಿ. 2018ರಲ್ಲಿ ಗೇಮಿಂಗ್ ಕಂಪನಿ ನಜಾರಾ ಅದರ ಬಹುಪಾಲು ಷೇರು ಕೊಂಡಿತು. 2021ರಲ್ಲಿ ದಕ್ಷಿಣ ಕೊರಿಯಾದ ಆಟ ತಯಾರಿಕಾ ಕಂಪನಿ ಕ್ರಾಫ್ಟನ್ ಅದರಲ್ಲಿ 164 ಕೋಟಿ ರೂಪಾಯಿ ಹೂಡಿತು. ಮರುವರ್ಷ ನಾಡ್ವಿನ್ ನಡೆಸಿದ ಬಿಜಿಎಂಐ (ಕ್ರಾಫ್ಟನ್‌ನ ಮೊಬೈಲ್ ಆಟ) ಟೂರ್ನಿ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ನೇರಪ್ರಸಾರವಾಯಿತು. ಇಂಥ ಟೂರ್ನಿಗಳಿಗೆ ದುಡ್ಡು ಬರುವುದು ಪ್ರಾಯೋಜಕರಿಂದ, ಪ್ರಸಾರ ಹಕ್ಕಿನಿಂದ, ಆಟ ತಯಾರಿಸುವ ಕಂಪನಿಗಳಿಂದ.

ದಯವಿಟ್ಟು ಆ ಸಂದೇಶಕ್ಕೆ ಹೆದರಿ ಮಕ್ಕಳ ಹೆಸರನ್ನು ಕಾಲೇಜು ತಂಡದಿಂದ ತೆಗೆಸಬೇಡಿ.